ನಿಂಬರ್ಗಾ ಸ್ಟಾಪಿನ ಸೀಟಿ

ಪಾಸ್ಟರ್ ನನಗೋಸ್ಕರ ಪ್ರಾರ್ಥನೆ ಮಾಡಲು ಒಪ್ಪಲಿಲ್ಲ. ಇಂಥದ್ದನ್ನು ಎಲ್ಲಾದರೂ ಕೇಳಿದ್ದೀರಾ? ಹುಷಾರಿಲ್ಲದ ಎಮ್ಮೆಯ ಮೇಲೂ ಕೈಯಿಟ್ಟು ಪ್ರಾರ್ಥಿಸುವ ಮನುಷ್ಯ ಅವರು. ನಾನು ಎರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನೆಲ್ಲ ಹೇಳಿ, ಮಂಡಿಯೂರಿ ಕಣ್ಣು ಮುಚ್ಚಿದರೆ ಸದ್ದೇ ಇಲ್ಲ. ಕಣ್ಣು ತೆರೆದು ನೋಡಿದೆ. ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು.

“ಪ್ರಮಿಲಾ, ಎರಡು ವರ್ಷದಿಂದ ದೇವ್ರ ಮುಂದ ಅಳಾಕತ್ತೀದಿ. ಅವ ಯಾವಾಗೋ ಮಾಫ್ ಮಾಡ್ಯಾನ. ಆ ಡ್ರೈವರ್ ಮುಂದ ಒಮ್ಮಿನೂ ಅತ್ತಿಲ್ಲಲ್ಲ? ಮೊದಲ ಅಲ್ಲಿ ಹೋಗಿ ಬಾ,” ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಸಮಾಧಾನ ಕೇಳಲು ಬಂದವಳಿಗೆ ವಿಳಾಸ ಕೊಟ್ಟು ಕಳಿಸುವುದೇ?

ನಾನು ಬಸ್ ಕಂಡಕ್ಟರ್, ಆಳಂದದಿಂದ ಅಫಜಲಪುರದ ರೂಟು. ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದ ಮೇಲೆ ನಮ್ಮ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಆದರೂ ಇಳಿಯುವವರು ಪೂರಾ ಇಳಿದದ್ದನ್ನು ನೋಡಿಯೇ ಸೀಟಿ ಹೊಡೆಯಬೇಕು. ಅಂದು ನಿಂಬರ್ಗಾ ಸ್ಟಾಪಿನಲ್ಲಿ ನಾನು ಜನರ ನಡುವೆ ಸಿಕ್ಕಿಕೊಂಡು ಝೀರೋ ಟಿಕೆಟ್ ಹರಿಯುತ್ತಿದ್ದೆ. ಬಾಗಿಲ ಕಡೆಯಿಂದ ಯಾರೋ “ಹೋಗ್ಲಿ, ಹೋಗ್ಲಿ” ಎಂದರು. ನಾನು ತಲೆಯೆತ್ತದೆ ಸೀಟಿ ಹೊಡೆದೆ. ಖಾಸೀಂಬಿ ಎಂಬ ಮುದುಕಿ ಇನ್ನೂ ಮೆಟ್ಟಿಲ ಮೇಲಿದ್ದಳು. ಬಿದ್ದವಳ ಎಡಗಾಲಿನ ಮೇಲೆ ಹಿಂದಿನ ಗಾಲಿ ಹಾಯಿತು. ದವಾಖಾನೆಯಲ್ಲಿ ಮೊಣಕಾಲಿನಿಂದ ಕೆಳಗೆ ತೆಗೆದುಹಾಕಿದರು.

ವಿಚಾರಣೆಯಲ್ಲಿ ‘ನಾನು ಸೀಟಿ ಹೊಡೆದಿಲ್ಲ’ ಎಂದು ಬರೆದುಕೊಟ್ಟೆ. ಡ್ರೈವರ್ ಬುರಾನುದ್ದೀನ ಸಸ್ಪೆಂಡ್ ಆದರು. ಆಮೇಲೆ ಹೆಂಡತಿ ಮಕ್ಕಳನ್ನು ಆಳಂದದಲ್ಲಿ ಬಿಟ್ಟು ಜೇವರ್ಗಿಗೆ ವರ್ಗವಾಗಿ ಹೋದರು. ಅವರೇನು ಬರೆದುಕೊಟ್ಟಿದ್ದರೋ ನನಗೆ ಗೊತ್ತಿರಲಿಲ್ಲ. ನನ್ನ ಹೆಸರು ಹೇಳಿರುತ್ತಾರೆ, ಯಾರೂ ನಂಬಿರಲಿಕ್ಕಿಲ್ಲ ಎಂದುಕೊಂಡಿದ್ದೆ. ಅಂದಿನಿಂದ ಪ್ರತಿ ಭಾನುವಾರ ಕ್ಷಮೆ ಬೇಡಿದ್ದೇನೆ, ಉಪವಾಸ ಮಾಡಿದ್ದೇನೆ. ಎದೆಯ ಭಾರ ಮಾತ್ರ ಒಂದು ತೊಲದಷ್ಟೂ ಇಳಿದಿಲ್ಲ.

ವಾರದ ರಜೆಯ ದಿನ ಜೇವರ್ಗಿಗೆ ಹೋದೆ. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಬುರಾನುದ್ದೀನ ಡಬ್ಬಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದರು. ಗಡ್ಡ ಪೂರಾ ಬೆಳ್ಳಗಾಗಿತ್ತು. ನನ್ನನ್ನು ಕಂಡು ಸರಿದು ಜಾಗ ಮಾಡಿಕೊಟ್ಟರು. ನಾನು ಕೂಡಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು.

“ಬುರಾನಭಾಯಿ, ಅವತ್ತ ಸೀಟಿ ಹೊಡ್ದಾಕಿ ನಾನs ರಿ. ಸುಳ್ಳ ಬರಕೊಟ್ಟೇನಿ.”

“ಗೊತ್ತದಲ್ಲ ತಂಗಿ,” ಎಂದು ರೊಟ್ಟಿ ಮುರಿದರು. “ಇಪ್ಪತ್ತೆರಡು ವರ್ಷದಾಗ ಸೀಟಿ ಕೇಳ್ದೆ ನಾ ಗಾಡಿ ತಗದೇನೇನು?”

“ಮತ್ತ ನೀವೇನು ಬರದಿದ್ರಿ?”

“ಸೀಟಿ ಆಗಿಲ್ಲ, ನಾನs ಅವಸರ ಮಾಡಿ ಗಾಡಿ ತಗದೇನಿ ಅಂತ ಬರದೆ.”

ನನ್ನ ಸುಳ್ಳು ಗೆದ್ದಿದೆ ಎಂದು ಎರಡು ವರ್ಷ ನರಳಿದ್ದೆ. ಗೆದ್ದೇ ಇರಲಿಲ್ಲ. ಈ ಮನುಷ್ಯ ಅದರ ಕೆಳಗೆ ತಾನಾಗಿಯೇ ಹೆಗಲು ಕೊಟ್ಟಿದ್ದ. ಮೊದಲು ಬಂದದ್ದು ಕೃತಜ್ಞತೆಯಲ್ಲ, ಸುಳ್ಳು ಯಾಕೆ ಹೇಳಲಿ, ಸಿಟ್ಟು.

“ಯಾರು ಹೇಳಿದ್ರು ನಿಮಗ? ನಾ ಕೇಳಿದ್ನೇನು?” ಎಂದು ಕೂಗಿಬಿಟ್ಟೆ. ಪಕ್ಕದವರು ತಿರುಗಿ ನೋಡಿದರು.

“ಕೇಳಲಿಲ್ಲ. ನಿಂದು ಆಗಿನ್ನಾ ಪ್ರೊಬೇಷನ್ ಇತ್ತು, ಸೀದಾ ಮನಿಗಿ ಕಳಿಸ್ತಿದ್ರು. ನನ್ನ ಸಸ್ಪೆಂಡ್ ಮಾಡಿ ಮತ್ತ ತಗೋತಾರ ಅಂತ ಗೊತ್ತಿತ್ತು. ಖಾಸೀಂಬಿನೂ ಹಂಗs ಅಂದ್ಲು.”

“ಖಾಸೀಂಬಿ?”

“ಆಕಿ ಬೀಳೂ ಮುಂಚೆ ಹಿಂದ ತಿರುಗಿ ನಿನ್ನ ನೋಡ್ಯಾಳ. ನಿನ್ನ ಬಾಯಾಗ ಸೀಟಿ ಇತ್ತು. ವಿಚಾರಣಾಕ್ಕ ಬಂದವ್ರಿಗೆ ನನಗೇನೂ ನೆಪ್ಪಿಲ್ಲ ಅಂದ್ಲು. ನಾ ದವಾಖಾನಿಗಿ ನೋಡಾಕ ಹೋದಾಗ, ಇಬ್ರೂ ಯಾಕ ಮುಣಗಬೇಕು ಅಂದ್ಲು ನನಗ.” ಅವರು ಡಬ್ಬಿ ಮುಚ್ಚಿದರು. “ನೀ ನಾಕ ದಿನದಾಗ ಬರ್ತಿ ಅಂದ್ಕೊಂಡಿದ್ದೆ. ಎರಡು ವರ್ಷ ಹಿಡೀತು.”

ಅಲ್ಲಿಯೇ ನೆಲದ ಮೇಲೆ ಕುಕ್ಕರಿಸಿದೆ. ನಾಳೆಯೇ ಖರೇ ಹಕೀಕತ್ತು ಬರೆದುಕೊಡುತ್ತೇನೆ ಎಂದೆ. ಬೇಡ ಎನ್ನುತ್ತಾರೇನೋ ಎಂದು ಒಳಗೊಳಗೇ ಕಾದದ್ದೂ ನಿಜ, ಅಷ್ಟು ಹೇಡಿ ನಾನು.

“ಬರಿ. ನಾನೂ ಸುಳ್ಳs ಬರದೇನಲ್ಲ, ಇಬ್ರೂ ಕೂಡಿ ಬೈಸ್ಕೊಳ್ಳೂಣು. ಆದ್ರ ಮೊದಲ ನಿಂಬರ್ಗಾಕ್ಕ ಹೋಗು,” ಎಂದರು.

ಅಫಜಲಪುರದ ಮೇಲಿಂದ ನಿಂಬರ್ಗಾಕ್ಕೆ ಹೊರಟೆ. ದಾರಿಯುದ್ದಕ್ಕೂ ತೊಗರಿ ಹೂಬಿಟ್ಟಿತ್ತು, ನನಗೆ ಅದರ ಕಡೆ ಲಕ್ಷ್ಯವಿರಲಿಲ್ಲ. ನಿನ್ನ ತಪ್ಪನ್ನು ಇನ್ನೊಬ್ಬ ಹೊತ್ತಿದ್ದಾನೆ, ನೀನು ಕೇಳುವ ಮೊದಲೇ ಹೊತ್ತಿದ್ದಾನೆ ಎಂದು ಹುಟ್ಟಿದಾಗಿನಿಂದ ಚರ್ಚಿನ ಸಭೆಯಲ್ಲಿ ಕೇಳಿದ್ದೇನೆ. ಝೀರೋ ಟಿಕೆಟ್ ಹರಿದು ಕೊಡುವಷ್ಟೇ ಗಮನದಿಂದ ಆಮೆನ್ ಅಂದಿದ್ದೇನೆ. ಹೊತ್ತವನ ಬೆಳ್ಳಗಿನ ಗಡ್ಡ ಕಣ್ಣಾರೆ ಕಂಡ ಮೇಲೆ ಆ ಮಾತು ನನ್ನನ್ನು ಬುಡಸಮೇತ ಅಲುಗಿಸಿತು. ಒಬ್ಬ ಡ್ರೈವರ್ ಇಷ್ಟು ಮಾಡಿದ್ದರೆ, ಶಿಲುಬೆಗೇರಿದವನ ಹತ್ತಿರ ನಾನು ಎರಡು ವರ್ಷ ಬೇಡುತ್ತಿದ್ದುದಾದರೂ ಏನು? ಯಾವಾಗಲೋ ಕೊಟ್ಟಾಗಿತ್ತು. ಈಸಿಕೊಳ್ಳಲು ನಾನೇ ಕೈ ನೀಡಿರಲಿಲ್ಲ. ಬಸ್ಸಿನ ಸರಳು ಹಿಡಿದುಕೊಂಡೇ ಪ್ರಾರ್ಥಿಸಿದೆ. ಅಂದು ಕ್ಷಮಿಸು ಎನ್ನಲಿಲ್ಲ. ಸ್ವಾಮಿ, ತಗೊಂಡೆ ಎಂದೆ. ಕಣ್ಣೀರು ಧಾರಾಕಾರ ಇಳಿಯಿತು. ಆ ಬಸ್ಸಿನ ಕಂಡಕ್ಟರು ಊರಲ್ಲಿ ಯಾರೋ ತೀರಿಕೊಂಡಿದ್ದಾರೆಂದು ತಿಳಿದು ಸೀಟು ಕೊಡಿಸಿದ.

ಖಾಸೀಂಬಿ ಮನೆ ಮುಂದೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗೋಡೆಗೆ ಊರುಗೋಲು ಒರಗಿತ್ತು. ನಾನು ನೇರ ಹೋಗಿ ಅವಳ ಪಾದಕ್ಕೆ ಬಿದ್ದೆ.

“ಬಿಡು ಬೇ,” ಎಂದಳು. “ಇರೂದs ಒಂದು ಕಾಲು. ಅದನ್ನೂ ಹಿಡ್ಕೊಂಡ್ರ ಹ್ಯಾಂಗ?”

ದಂಗಾಗಿ ತಲೆಯೆತ್ತಿದೆ. ಅವಳು ನಗುತ್ತಿರಲಿಲ್ಲ.

“ಸೀಟಿ ನಾ ಹೊಡ್ದೆ ಅವ್ವಾ.”

“ನೋಡೇನಿ. ಕಾಲು ಹೋದ ಸಿಟ್ಟು ಯಾವಾಗೋ ಹೋಗ್ಯದ. ನೀ ಬರಲಿಲ್ಲಲ್ಲ, ಅದು ಭಾಳ ದಿನ ಇತ್ತು.” ಮೊರ ಪಕ್ಕಕ್ಕಿಟ್ಟಳು. “ನಾಳಿ ಮುಂಜಾನಿ ಆಳಂದಕ್ಕ ಹೋಗೂದದ. ನಿನ್ನ ಬಸ್ಸs ಹತ್ತತೀನಿ.”

“ಬ್ಯಾಡ ಅವ್ವಾ!” ಎಂದೆ. “ಬ್ಯಾರೆ ಬಸ್ಸಿಗೆ ಹೋಗು. ನನ್ನ ಬಸ್ಸು ಬ್ಯಾಡ.”

“ಮಾಫ್ ಮಾಡೇನಿ ಅಂತ ಬಾಯಿಲೆ ಹೇಳಿದ್ರ ನೀ ನಂಬಾಕಿ ಅಲ್ಲ. ಹತ್ತಿದ್ರ ನಂಬ್ತಿ.”

ಮರುದಿನ ಬೆಳಿಗ್ಗೆ ಅವಳು ನಿಜವಾಗಿಯೂ ಸ್ಟಾಪಿನಲ್ಲಿ ನಿಂತಿದ್ದಳು. ಸಂಜೆ ಡಿಪೋದಲ್ಲಿ ಕೊಡಬೇಕಾದ ತಪ್ಪೊಪ್ಪಿಗೆಯ ಪತ್ರ ನನ್ನ ಚೀಲದಲ್ಲಿತ್ತು. ನೌಕರಿ ಉಳಿಯುತ್ತದೋ ಇಲ್ಲವೋ ದೇವರಿಗೇ ಗೊತ್ತು. ಮಂದಿಯನ್ನೆಲ್ಲ ದಬ್ಬಿಕೊಂಡು ಕೆಳಗಿಳಿದೆ. ಖಾಸೀಂಬಿ ತನ್ನ ಪೂರ್ತಿ ಭಾರವನ್ನು ನನ್ನ ಹೆಗಲ ಮೇಲೆ ಹಾಕಿ, ಒಂದೊಂದೇ ಮೆಟ್ಟಿಲು ಹತ್ತಿದಳು. ಹೊಸ ಡ್ರೈವರು ಎಷ್ಟೊತ್ತು ಎಂದು ಮುಂದಿನಿಂದ ಒದರಿದ. ಒದರಲಿ ಬಿಡಿ.