ಬೆನ್ನ ಮೇಲಿನ ಹೆಸರು

"ಇನ್ನ ಹೆಣಮಕ್ಕಳ ಫೈನಲ್. ಒಂದು ಕಡೆ ಸುರೇಬಾನದ ನರ್ಸ್ ಭಾಗೀರಥಿಯವರು, ಇನ್ನೊಂದು ಕಡೆ ಬೈಲಹೊಂಗಲದ ಕೇಬಲ್ ಮಹಾದೇವ ಅವರ ಧರ್ಮಪತ್ನಿ," ಎಂದು ಬಸಯ್ಯ ಮಾಸ್ತರರು ಮೈಕಿನಲ್ಲಿ ಹೇಳಿದರು. ಕೇರಂ ಬೋರ್ಡಿನ ತನಕ ಬಂದಿದ್ದ ಗಂಗಾ ಅಲ್ಲೇ ನಿಂತುಬಿಟ್ಟಳು.

ರಾಮದುರ್ಗದ ಆ ಸಭಾಭವನ ತುಂಬಿತ್ತು. ಬೆಳಗಿನಿಂದಲೂ ಅವಳಿಗೆ ಕುಂತಲ್ಲಿ ಕೂಡಲಾಗಿರಲಿಲ್ಲ. ಸೀರೆಯ ಮೇಲೆ ತೊಟ್ಟಿದ್ದ ಹಳದಿ ಅಂಗಿ ಬೆನ್ನಿಗೆ ಅಂಟಿ ಕಡಿಯುತ್ತಿತ್ತು. ಆ ಅಂಗಿ ಬೇಕೆಂದು ಕೇಳಿದವಳು ಅವಳೇ.

ಕೇಬಲ್ ಟಿವಿ ಊರಿಗೆ ಬಂದ ಮೇಲೆ ಮಹಾದೇವ ವೈರು ಹೆಗಲಿಗೆ ಹಾಕಿಕೊಂಡು ಓಣಿ ಓಣಿ ಕಂಬ ಹತ್ತುತ್ತಿದ್ದ. ಅಟ್ಟದ ಮೇಲಿನ ಕೋಣೆಯಲ್ಲಿ ಯಾವ ಚಾನೆಲ್ ಹೋಯಿತು, ಯಾವುದು ಬಂತು ಎಂದು ನೋಡಿಕೊಳ್ಳುವುದು ಗಂಗಾಳ ಕೆಲಸ. ಒಂದು ಮಧ್ಯಾಹ್ನ ಆಟದ ಚಾನೆಲಿನಲ್ಲಿ ಡಾರ್ಟ್ಸ್ ಎಂಬುದನ್ನು ನೋಡಿ ಅವಳಿಗೆ ನಗು ಬಂತು. ಹೊಟ್ಟೆ ಬಿಟ್ಟ ಗಂಡಸರು ದುಂಡನೆಯ ಹಲಗೆಗೆ ಸಣ್ಣ ಸಣ್ಣ ಬಾಣ ಎಸೆಯುತ್ತಿದ್ದರು. ಬರಬರುತ್ತ ನಗು ನಿಂತಿತು. ಒಬ್ಬೊಬ್ಬನಿಗೂ ತನ್ನದೇ ಬಣ್ಣದ ಅಂಗಿ, ತನ್ನದೇ ಹಾಡು, ಬೆನ್ನ ಮೇಲೆ ತನ್ನದೇ ಹೆಸರು. ದೂರದಿಂದ ನಡಿಗೆ ನೋಡಿಯೇ ಇವನು ಇಂಥವನೆಂದು ಹೇಳಬಹುದಿತ್ತು. ಸೋತವನು ಕೆಳಗಿಳಿದು ಹೋಗುವಾಗಲೂ ಜನ ಅವನ ಹೆಸರು ಹಿಡಿದು ಕೂಗುತ್ತಿದ್ದರು.

ತನ್ನ ಹೆಸರನ್ನು ಯಾರಾದರೂ ಕೂಗಿ ಎಷ್ಟು ದಿನವಾಯಿತು ಎಂದು ಅವಳು ಯೋಚಿಸಿದಳು. ಪೇಟೆಯಲ್ಲಿ ಅವಳು ಕೇಬಲ್‌ನವರ ಮನೆಯವರು. ತೊರಗಲ್ಲಿನ ತವರಿಗೆ ಹೋದರೆ ದುಂಡಪ್ಪನ ಮಗಳು.

"ನನಗೂ ಹಂತಾದ್ದೊಂದು ಅಂಗಿ ಮಾಡಿಸಿಕೊಡ್ರಿ," ಎಂದು ಆ ರಾತ್ರಿ ಊಟಕ್ಕೆ ನೀಡುತ್ತ ಕೇಳಿದ್ದಳು. "ಬೆನ್ನ ಮ್ಯಾಲ ಹೆಸರು ಇರೂವಂಥಾದ್ದು."

ಮಹಾದೇವ ಕೆಟ್ಟವನಲ್ಲ. ಮದುವೆಯಾದ ಹೊಸದರಲ್ಲಿ ಕೇರಂ ಕಲಿಸಿದವನು ಅವನೇ. ತಾಯಿ ರಾಚವ್ವ ಗೊಣಗಿದರೂ ಕಿತ್ತೂರು, ಸವದತ್ತಿ ಎಂದು ಹೆಂಡತಿಯನ್ನು ಪಂದ್ಯಗಳಿಗೆ ಕರೆದೊಯ್ದವನೂ ಅವನೇ. ಹುಬ್ಬಳ್ಳಿಗೆ ಹೋಗಿ ಅಂಗಿ ಹೊಲಿಸಿ, ಅಚ್ಚು ಹಾಕಿಸಿ ತಂದ. ಬಿಚ್ಚಿ ಹಿಡಿದಾಗ ಬೆನ್ನ ತುಂಬ ಕೆಂಪು ಅಕ್ಷರ: ಸಿದ್ಧೇಶ್ವರ ಕೇಬಲ್, ಬೈಲಹೊಂಗಲ.

"ಹ್ಯಾಂಗೈತಿ?" ಅವನ ಮುಖದಲ್ಲಿ ಖುಷಿ ಹಿಡಿಸುತ್ತಿರಲಿಲ್ಲ.

"ಚಲೋ ಐತ್ರಿ," ಎಂದಿದ್ದಳು.

ಸವದತ್ತಿಯಲ್ಲಿ ಅದನ್ನೇ ತೊಟ್ಟು ಗೆದ್ದಳು. ಪೇಪರಿನಲ್ಲಿ ಫೋಟೊ ಬಂತು. ಅದರಲ್ಲಿ ಇದ್ದದ್ದು ಅವಳ ಬೆನ್ನು. ಮುರಗೋಡದವರೂ ಕೇಬಲ್ ಬೇಕೆಂದು ಫೋನ್ ಮಾಡಿದರು.

ಈಗ ಗಂಗಾ ಅಂಗಿಯ ಗುಂಡಿ ಬಿಚ್ಚಿದಳು. ಅದನ್ನು ಮಡಚಿ ಕುರ್ಚಿಯ ಮೇಲಿಟ್ಟು, ಸೆರಗು ಸರಿಮಾಡಿಕೊಂಡು, ನೇರ ಮೈಕಿನ ಹತ್ತಿರ ಹೋದಳು.

"ಮಾಸ್ತರ, ನನ್ನ ಹೆಸರು ಗಂಗಾ ಅಂತ ಐತ್ರಿ. ಅದನ್ನ ಹೇಳ್ರಿ."

"ಹೇಳಿದ್ನಲ್ಲವಾ, ಯಾರ ಮನಿಯವರು ಅಂತ. ಎಲ್ಲಾರಿಗೂ ಗೊತ್ತಾತು."

"ಮನಿ ಗೊತ್ತಾತ್ರಿ. ಆಡಾಕ ಬಂದಾಕಿ ಯಾರಂತ ಗೊತ್ತಾಗಬೇಕಲ್ರಿ."

ಬಸಯ್ಯ ಮಾಸ್ತರರು ಮುಂದಿನ ಸಾಲಿನಲ್ಲಿದ್ದ ಮಹಾದೇವನ ಕಡೆ ನೋಡಿದರು. ಅವನು ಕುರ್ಚಿಯ ಮೇಲಿನ ಅಂಗಿಯನ್ನೇ ನೋಡುತ್ತಿದ್ದ. ಮಾಸ್ತರರು ಮೈಕು ಹತ್ತಿರ ಎಳೆದುಕೊಂಡರು. "ಬೈಲಹೊಂಗಲದ ಗಂಗಾ," ಎಂದರು.

ಆಟ ಕೊನೆಯ ಸುತ್ತಿಗೆ ಬಂತು. ತೂತಿನ ಅಂಚಿನಲ್ಲಿದ್ದ ಬಿಳಿ ಕಾಯಿ ಹೊಡೆದು ಸರದಿ ಉಳಿಸಿಕೊಂಡಿದ್ದರೆ ಸಾಕಿತ್ತು. ಗಂಗಾ ಬೇರೆ ಕಾಯಿಗಳ ಹಿಂದೆ ಸಿಕ್ಕಿಕೊಂಡಿದ್ದ ಕೆಂಪು ಕಾಯಿಗೆ ಕೈಹಾಕಿದಳು. ಹಿಂದೆಂದೂ ಅವಳು ಅಂಥ ಹೊಡೆತಕ್ಕೆ ಹೋದವಳಲ್ಲ. ಸ್ಟ್ರೈಕರ್ ಬೋರ್ಡಿನ ಎರಡು ಅಂಚು ಬಡಿದು ಬಂದು ಕೆಂಪನ್ನು ತೂತಿನ ಬಾಯಿಯ ತನಕ ಒಯ್ದು ಅಲ್ಲೇ ಬಿಟ್ಟಿತು. ಭಾಗೀರಥಿ ಅದನ್ನು ಮೆಲ್ಲಗೆ ಒಳಗೆ ತಳ್ಳಿ, ಉಳಿದ ಕಾಯಿಗಳನ್ನೂ ಮುಗಿಸಿದಳು.

ಗಂಗಾ ಏಳುವಾಗ ಹಿಂದಿನಿಂದ ಯಾರೋ ಮುದುಕಿ ಕೂಗಿದಳು. "ಗಂಗಾ, ಚಲೋ ಆಡಿದಿ ನೋಡ."

ವಾಪಸು ಹೋಗುವ ಬಸ್ಸು ಯರಗಟ್ಟಿ ದಾಟಿತು. ಸುತ್ತಿದ ಅಂಗಿ ಮಹಾದೇವನ ತೊಡೆಯ ಮೇಲಿತ್ತು.

"ಮಂದಿ ಮುಂದ ನನ್ನ ಮಾರಿ ಏನಾತು?" ಎಂದ. "ಆಟ ಕಲಿಸಿದಾಂವ ನಾನು."

"ಹೌದ್ರಿ. ನೀವ ಕಲಿಸಿದ್ರಿ."

"ಮತ್ತ?"

ಅವಳು ಕಿಟಕಿಯಾಚೆ ಓಡುತ್ತಿದ್ದ ಜೋಳದ ಹೊಲ ನೋಡಿದಳು. "ಕಲಿಸೂವಾಗ ಹೆಸರ ಹಿಡದ ಕರೀತಿದ್ರಿ," ಎಂದಳು.

ಮುರಗೋಡದಲ್ಲಿ ಬಸ್ಸು ನಿಂತಾಗ ಮಹಾದೇವ ಇಳಿದು ಹೋದ. ಸ್ವಲ್ಪ ಹೊತ್ತಿಗೆ ಎರಡು ಗ್ಲಾಸು ಚಹಾ ಹಿಡಿದು ಅವಳ ಕಿಟಕಿಯ ಕೆಳಗೆ ಬಂದು ನಿಂತ. ಡ್ರೈವರ್ ಇಂಜಿನ್ ಆರಿಸಿರಲಿಲ್ಲ. ಅವನ ತುಟಿ ಎರಡಕ್ಷರದಷ್ಟು ಅಲುಗಿದ್ದು ಕಂಡಿತು, ಏನೆಂದದ್ದು ಕೇಳಲಿಲ್ಲ. ಗಂಗಾ ಸರಳುಗಳ ನಡುವೆ ಕೈ ಚಾಚಿ ಗ್ಲಾಸು ತೆಗೆದುಕೊಂಡಳು. ಬೆರಳಿಗೆ ಹತ್ತಿದ್ದ ಬೋರ್ಡಿನ ಪೌಡರು ಬಿಸಿ ಗಾಜಿನ ಮೇಲೆ ಬೆಳ್ಳಗೆ ಮೂಡಿತು.