ಹೊಳೆಯ ನಡುವೆ ನಿಂತವರು

ಯುದ್ಧದ ಕೊನೆಗಾಲದಲ್ಲಿ ನಮ್ಮ ಮನೆತನದ ಗಂಡಸರು ಪುರಿಯೋ ಹೊಳೆಯ ಎರಡು ದಡಗಳಿಗೆ ಹಂಚಿಹೋಗಿದ್ದರು. ನನ್ನ ಸೋದರಮಾವ ದಾಮಿಯಾನ್ ಮೇಲಿನ ಬೆಟ್ಟದಲ್ಲಿ ಬಂಡುಕೋರರ ಗುಂಪೊಂದರ ನಾಯಕ. ದೊಡ್ಡಮ್ಮ ಲುದ್ವಿನಾಳ ಮಗ ಅಲೋಯ್ಸ್ ಅವನ ಜೊತೆಗಿದ್ದ. ನನ್ನ ತಮ್ಮ ಬ್ಲೇಸ್ ಕೆಳಗೆ, ಕಡಲ ಕಡೆಗೆ, ಸೈನ್ಯದವರು ಹಾಕಿದ್ದ ಶಿಬಿರವನ್ನು ಕಾಯುವ ಹುಡುಗರಲ್ಲಿ ಸೇರಿಕೊಂಡಿದ್ದ. ಅಲೋಯ್ಸ್, ಬ್ಲೇಸ್ ಇಬ್ಬರೂ ದೊಡ್ಡಮ್ಮನ ಎದೆಹಾಲು ಕುಡಿದು ಬೆಳೆದವರು. ಬ್ಲೇಸ್ ಹುಟ್ಟಿದಾಗ ನಮ್ಮಮ್ಮ ಮೋನಿಕಾಳಿಗೆ ಜ್ವರ ಬಂದು ಹಾಲು ಬತ್ತಿಹೋಗಿತ್ತು.

ಜಗಳ ಶುರುವಾದದ್ದು ಗಣಿಯಿಂದ. ನಮ್ಮ ಬೂಗನ್‌ವಿಲ್ ದ್ವೀಪದ ಬೆಟ್ಟ ಬಗೆದು ತಾಮ್ರ ಸಾಗಿಸುತ್ತಿದ್ದವರನ್ನು ಓಡಿಸಬೇಕು ಎಂದು ಎದ್ದವರು ಆಮೇಲೆ ನಮ್ಮ ದೇಶವೇ ಬೇರೆಯಾಗಬೇಕು ಎಂದರು. ಸೈನ್ಯ ಬಂತು. ಹಡಗುಗಳು ಬರುವುದು ನಿಂತಿತು. ಔಷಧಿ, ಸಾಬೂನು, ಸೀಮೆಎಣ್ಣೆ ಎಲ್ಲ ಕನಸಾಯಿತು. ವರ್ಷಗಳು ಕಳೆದಂತೆ ನಮ್ಮವರೇ ನಮ್ಮವರ ಮೇಲೆ ಗುಂಡು ಹಾರಿಸತೊಡಗಿದರು. ಯಾರದೋ ಮೇಲಿನ ಅನುಮಾನಕ್ಕೆ ಬೆಟ್ಟದ ಹುಡುಗರು ನಮ್ಮ ಮನೆಗೆ ಬೆಂಕಿಯಿಟ್ಟರು. ಬೂದಿ ಆರುವ ಮೊದಲೇ ಬ್ಲೇಸ್ ಹೊಳೆ ದಾಟಿದ್ದ. ಅಮ್ಮ ಮತ್ತು ನಾನು ದೊಡ್ಡಮ್ಮನ ಮನೆ ಸೇರಿಕೊಂಡೆವು.

ದೊಡ್ಡಮ್ಮನ ಮಗಳು ಸ್ಕೊಲಾಸ್ಟಿಕಾ ಆಗ ಬಸುರಿ. ಹೆರಿಗೆ ಬೇನೆ ಶುರುವಾಗಿ ಎಷ್ಟು ಹೊತ್ತಾದರೂ ಮಗು ಬರಲಿಲ್ಲ. ಮಗು ಅಡ್ಡ ತಿರುಗಿದೆ ಎಂದು ದೊಡ್ಡಮ್ಮ ಹೊಟ್ಟೆ ಮುಟ್ಟಿ ಹೇಳಿದಳು. ಕೆಳಗಿನ ಶಿಬಿರದಲ್ಲಿ ಒಬ್ಬ ನರ್ಸ್ ಇದ್ದಾಳೆಂದು ಗೊತ್ತಿತ್ತು. ಬಿದಿರಿಗೆ ಚಾಪೆ ಕಟ್ಟಿ ಸ್ಕೊಲಾಸ್ಟಿಕಾಳನ್ನು ಹೊತ್ತುಕೊಂಡು ಹಾಡಹಗಲೇ ಹೊಳೆಗಿಳಿದೆವು. ನೀರು ಮೊಣಕಾಲಿಗೆ ಬರುವಷ್ಟರಲ್ಲಿ ಗುಂಡು ಹಾರಿತು. ಯಾವ ದಡದಿಂದ ಮೊದಲು ಹಾರಿತೋ ಇವತ್ತಿಗೂ ಗೊತ್ತಿಲ್ಲ. ಇನ್ನೊಂದು ದಡದವರು ಉತ್ತರ ಕೊಟ್ಟರು. ನಾವು ವಾಪಸು ಓಡಿ ಬಾಳೆಯ ಹಿಂಡಿನಲ್ಲಿ ಅಡಗಿದೆವು. ಅಲ್ಲೇ, ಮಣ್ಣಿನ ಮೇಲೆಯೇ ಹೆರಿಗೆಯಾಯಿತು. ತಾಯಿ ಉಳಿದಳು, ಮಗು ಉಳಿಯಲಿಲ್ಲ.

ಮಗುವನ್ನು ಮಣ್ಣು ಮಾಡಿ ಬಂದ ದೊಡ್ಡಮ್ಮ ಅಳಲಿಲ್ಲ. ತೋಟಕ್ಕೆ ಹೋಗಿ ಕೆಸುವಿನ ಗೆಡ್ಡೆ ಅಗೆಯತೊಡಗಿದಳು. ಬುಟ್ಟಿ ತುಂಬಿದರೂ ನಿಲ್ಲಿಸಲಿಲ್ಲ.

"ಇಷ್ಟೊಂದು ಯಾರಿಗೇ?" ಎಂದಳು ಅಮ್ಮ.

"ದಾಮಿಯಾನ್‌ಗೆ. ಅವನ ಹುಡುಗ್ರಿಗೆ. ಮೇಲೆ ಹೋಗ್ತೀನಿ."

"ತಲೆ ಕೆಟ್ಟಿದ್ಯಾ ಅಕ್ಕ? ಕಂಡ ಕೂಡ್ಲೇ ಗುಂಡು ಹೊಡೀತಾರೆ."

"ಹೊಡೀಲಿ. ಗುಂಡು ಎಲ್ಲಿಂದ ಬಂತು ಅಂತ ಈ ಸಲನಾದ್ರೂ ಗೊತ್ತಾಗುತ್ತೆ."

ಸುದ್ದಿ ಮನೆಯಿಂದ ಮನೆಗೆ ಹೋಯಿತು. ಮರುದಿನ ಬೆಳಿಗ್ಗೆ ದೊಡ್ಡಮ್ಮ ಹೊರಟಾಗ ಅಂಗಳದಲ್ಲಿ ಊರಿನ ಅರ್ಧ ಹೆಂಗಸರು ಬುಟ್ಟಿ ಹೊತ್ತು ನಿಂತಿದ್ದರು. ಎಲ್ಲರ ಮುಂದೆ ಅಗಾಥಾ ಅಜ್ಜಿ. ಅವಳಿಗೆ ಬಾವಿಕಟ್ಟೆಯವರೆಗೆ ನಡೆಯುವುದೂ ಕಷ್ಟ.

"ಈ ಮಂಡಿ ಇಟ್ಕೊಂಡು ಬೆಟ್ಟ ಹತ್ತೋದು ಹೇಗೆ ಅಜ್ಜಿ?" ಎಂದೆ.

"ಮೂರು ಮೊಮ್ಮಕ್ಳು ಮೇಲಿದಾರೆ. ನಾನು ಹತ್ತದೇ ಇದ್ರೆ ಅವ್ರು ಇಳೀತಾರಾ? ಸುಮ್ನೆ ಹಿಂದಿನಿಂದ ನೂಕು ನಡಿ."

ನೂಕಿಕೊಂಡೇ ಹೋದೆವು. ಜಾರುವ ದಾರಿ, ಹಳ್ಳ, ಮತ್ತೆ ಏರು. ಅರ್ಧ ದಾರಿಯಲ್ಲಿ ಪೊದೆಯ ಹಿಂದಿನಿಂದ ಕೂಗು ಬಂತು. "ನಿಂತ್ಕೊಳ್ಳಿ! ಯಾರದು?"

ದೊಡ್ಡಮ್ಮನಿಗೆ ಆ ದನಿ ಗುರುತಾಯಿತು. "ನಿನ್ನ ಹೆತ್ತೋಳು ಕಣೋ."

ಪೊದೆ ಅಲುಗಿತು. ನೀರಿನ ಕೊಳವೆಯಿಂದ ಮಾಡಿದ ಕೋವಿ ಹಿಡಿದು ಅಲೋಯ್ಸ್ ಹೊರಗೆ ಬಂದ. ಗಡ್ಡ ಬೆಳೆದಿತ್ತು, ಕಣ್ಣು ಗುಳಿಬಿದ್ದಿತ್ತು.

"ಅಮ್ಮಾ, ಇಲ್ಲಿಂದ ಮುಂದೆ ಬರೋಕೆ ಅಪ್ಪಣೆ ಇಲ್ಲ."

"ಅಪ್ಪಣೆ ಕೊಡೋನು ಯಾರು? ನಾನು ಎತ್ತಿ ಆಡಿಸಿದ ತಮ್ಮ ತಾನೇ? ತಗೋ, ಈ ಬುಟ್ಟಿ ಹಿಡಿ. ಸೊಂಟ ಬಿದ್ದೋಯ್ತು."

ಅವನು ಕೋವಿಯನ್ನು ಹೆಗಲಿಗೆ ಹಾಕಿಕೊಂಡು ಬುಟ್ಟಿ ಹಿಡಿದ. ತಂಗಿಯ ಮಗುವಿನ ಸುದ್ದಿಯನ್ನು ದೊಡ್ಡಮ್ಮ ದಾರಿಯಲ್ಲೇ ಹೇಳಿದಳು. ಬೆಟ್ಟದ ತಲೆ ತಲುಪಿದಾಗ ಅವನೇ ಮುಂದೆ ಹೋಗಿ ಅದನ್ನು ಮಾವನಿಗೆ ತಿಳಿಸಿದ.

ದಾಮಿಯಾನ್ ಮಾವ ತಾಳೆಗರಿಯ ಚಪ್ಪರದ ಕೆಳಗೆ ಕುಳಿತಿದ್ದ. ಇಷ್ಟು ಹೆಂಗಸರನ್ನು ಕಂಡು ಎದ್ದುನಿಂತ.

"ಅಕ್ಕ, ಮಗೂ ವಿಷಯ ಕೇಳಿದೆ. ಸಂಕಟ ಆಯ್ತು. ಆದ್ರೆ ಇದು ನಾಡಿನ ಕೆಲಸ. ಗಂಡಸರು ನೋಡ್ಕೋತೀವಿ, ನೀವು ವಾಪಸ್ ಹೋಗಿ."

"ನಾಡು ಯಾವುದಪ್ಪ? ತೋರ್ಸು."

ಅವನು ಕೈಯಿಂದ ಕಣಿವೆ, ಹೊಳೆ, ಅದರಾಚೆಯ ಕಡಲನ್ನು ತೋರಿಸಿದ.

"ಆ ಕಣಿವೆ ಯಾರಿಂದ ಯಾರಿಗೆ ಬಂತು?"

ಮಾವ ಚಾಚಿದ್ದ ಕೈಯನ್ನು ಇಳಿಸಿದ. ಅದನ್ನು ಹೇಳುವ ಅಗತ್ಯವಿರಲಿಲ್ಲ. ನಮ್ಮಲ್ಲಿ ನೆಲ ತಾಯಿಯಿಂದ ಮಗಳಿಗೆ ಬರುತ್ತದೆ. ಆ ಕಣಿವೆ ಅವರ ತಾಯಿಯಿಂದ ದೊಡ್ಡಮ್ಮನಿಗೆ, ಅಮ್ಮನಿಗೆ ಬಂದಿತ್ತು.

"ನನ್ನ ನೆಲಕ್ಕೋಸ್ಕರ ಎದ್ದೆ, ಒಳ್ಳೇದು ಮಾಡ್ದೆ. ಗಣಿಯೋರು ಬಂದಾಗ ನಾವೂ ಬುಲ್ಡೋಜರ್ ಮುಂದೆ ಮಲಗಿದ್ವಿ, ಮರೆತ್ಯಾ? ಈಗ ಅದೇ ನೆಲದ ಮೇಲೆ ನನ್ನ ಮಕ್ಳು ನನ್ನ ಮಕ್ಳನ್ನೇ ಕೊಲ್ತಿದಾರೆ. ಅದಕ್ಕೆ ನನ್ನ ಒಂದ್ ಮಾತು ಕೇಳಿದ್ಯಾ? ಹೊಳೆ ಹತ್ರ ಇಳಿದು ಬಾ. ಆಚೆಯೋರನ್ನ ನಾನು ಕರ್ಕೊಂಡು ಬರ್ತೀನಿ. ಕೂತು ಮಾತಾಡಿ."

"ಆಗಲ್ಲ ಅಕ್ಕ. ಅವ್ರನ್ನ ನಂಬೋಕಾಗಲ್ಲ."

"ಸರಿ ಹಾಗಾದ್ರೆ," ಎಂದು ದೊಡ್ಡಮ್ಮ ಅಲ್ಲೇ ಕುಳಿತಳು. "ಏ ಮೋನಿಕಾ, ಒಲೆ ಹೂಡು."

ನಾವೆಲ್ಲ ಕುಳಿತೆವು. ಗೆಡ್ಡೆ ಬೇಯಿಸಿ ಕುಟ್ಟಿ, ತೆಂಗಿನ ಹಾಲು ಕಾಯಿಸಿ ಸುರಿದು ನಮ್ಮ ಹಬ್ಬದಡುಗೆ ತಮತಮ ಮಾಡಿದೆವು. ಹುಡುಗರು ಮೊದಲು ದೂರ ನಿಂತಿದ್ದರು. ವಾಸನೆ ತಡೆಯಲಾರದೆ ಒಬ್ಬೊಬ್ಬರೇ ಬಂದರು. ತಿನ್ನುತ್ತ ತಿನ್ನುತ್ತ ಒಬ್ಬನಿಗೆ ಅಳು ಬಂತು. ಮಳೆ ಬಂತು, ಬಿಸಿಲು ಬಂತು, ನಾವು ಏಳಲಿಲ್ಲ. ಅಗಾಥಾ ಅಜ್ಜಿ ಮೊಮ್ಮಕ್ಕಳ ಕಾಲಿನ ಹುಣ್ಣು ತೊಳೆಯುತ್ತ, "ದೇಶ ಸಿಗೋವಷ್ಟ್ರಲ್ಲಿ ಕಾಲೇ ಇರಲ್ವಲ್ಲೋ, ಎಲ್ಲಿ ನಿಂತ್ಕೋತೀರೋ?" ಎಂದು ಬೈಯುತ್ತಿದ್ದಳು. ದಿನ ಕಳೆದಂತೆ ಹುಡುಗರು ಕಾವಲು ಬಿಟ್ಟು ತಾಯಂದಿರ ಪಕ್ಕ ಬಂದು ಕೂರತೊಡಗಿದರು. ಮಾವ ಕೂಗಿದರೆ ಎದ್ದು ಹೋಗುತ್ತಿದ್ದರು, ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತಿದ್ದರು.

ಕೊನೆಗೆ ಮಾವನೇ ಬಂದು ಅಕ್ಕನ ಎದುರು ಕುಕ್ಕರಗಾಲಲ್ಲಿ ಕೂತ. ಬಹಳ ಸೊರಗಿದ್ದ.

"ಬರ್ತೀನಿ. ಆದ್ರೆ ಕೋವಿ ಬಿಟ್ಟು ಬರಲ್ಲ."

"ದಡದ ತನಕ ತಗೊಂಡು ಬಾ. ನೀರಿಗೆ ಇಳಿಯುವಾಗ ಕೈ ಖಾಲಿ ಇರ್ಲಿ."

ಕೆಳಗಿನವರನ್ನು ಒಪ್ಪಿಸುವುದು ಇನ್ನೂ ಕಷ್ಟವಾಯಿತು. ಕತ್ತಲಿರುವಾಗಲೇ ಹೊಳೆ ದಾಟಿ, ಸೊಪ್ಪಿನ ಹೊರೆ ಹೊತ್ತು ಹೋದದ್ದರಿಂದ ಕಾವಲಿನ ಸೈನಿಕರು ಶಿಬಿರದೊಳಗೆ ಬಿಟ್ಟರು. ಅವರಿಗೂ ಸೊಪ್ಪು ಬೇಕಿತ್ತು. ಬ್ಲೇಸ್ ನಮ್ಮನ್ನು ಕಂಡು ಮೊದಲು ಮುಖ ಅರಳಿಸಿದ, ವಿಷಯ ಕೇಳಿ ಗಂಟಿಕ್ಕಿಕೊಂಡ.

"ಅವ್ರ ಜೊತೆ ಮಾತಾ? ಮನೆ ಸುಟ್ಟೋರ ಜೊತೆ? ಸತ್ರೂ ಬರಲ್ಲ ದೊಡ್ಡಮ್ಮ. ಆ ಬೆಂಕಿ ನನ್ನ ಕಣ್ಣಿಂದ ಹೋಗಿಲ್ಲ."

ಅಮ್ಮ ಬೇಡಿಕೊಂಡಳು. ದೊಡ್ಡಮ್ಮ ಗದರಿದಳು. ಅವನು ಎರಡಕ್ಕೂ ಜಗ್ಗಲಿಲ್ಲ. ದೊಡ್ಡವರ ಎದುರು ನಾನು ಬಾಯಿ ಬಿಡುವವಳಲ್ಲ. ಆ ದಿನ ಎಲ್ಲಿಂದ ಬಂತೋ ಧೈರ್ಯ.

"ಬ್ಲೇಸ್, ಸುಟ್ಟಿದ್ದು ಯಾರ ಮನೆ?"

"ನಮ್ಮ ಮನೆ."

"ನಮ್ಮದಲ್ಲ, ನನ್ನದು. ಅಮ್ಮನ ಮನೆ ಮಗಳಿಗೆ ಬರ್ಬೇಕಿತ್ತು. ನೀನು ಮದುವೆ ಆಗಿ ಹೆಂಡ್ತಿ ಮನೆಗೆ ಹೋಗೋನು. ಸುಟ್ಟಿದ್ದು ನನ್ನ ಮನೆ, ಸಿಟ್ಟು ಮಾಡ್ಕೊಳ್ಳೋ ಹಕ್ಕೂ ನನ್ನದು. ಇಷ್ಟು ದಿನ ಹೊಟ್ಟೇಲಿ ಇಟ್ಕೊಂಡಿದ್ದೆ. ಆ ಮಗೂನ ಮಣ್ಣಿಗೆ ಹಾಕುವಾಗ ಅದನ್ನೂ ಹಾಕ್ದೆ. ನಾನೇ ಬಿಟ್ಟ ಮೇಲೆ ನೀನು ಯಾರ ಸಿಟ್ಟು ಹೊತ್ಕೊಂಡು ತಿರುಗ್ತಿದೀಯಾ?"

ಅವನು ನನ್ನನ್ನೇ ನೋಡಿದ. "ಅಕ್ಕ, ನೀನು ಇಷ್ಟು ಮಾತಾಡ್ತೀಯಾ?" ಎಂದಷ್ಟೇ ಕೇಳಿದ. ಆಮೇಲೆ ತನ್ನ ಗೆಳೆಯರನ್ನು ಕರೆಯಲು ಎದ್ದುಹೋದ.

ಗೊತ್ತುಪಡಿಸಿದ ದಿನ ಹೊಳೆಯಲ್ಲಿ ನೀರು ತಿಳಿಯಾಗಿತ್ತು. ಮೇಲಿನವರು ಈ ದಡ, ಕೆಳಗಿನವರು ಆ ದಡ, ಎಲ್ಲರ ಕೈಯಲ್ಲೂ ಕೋವಿ. ಹೆಂಗಸರು ನಾವು ನೀರಿನ ನಡುವೆ ಸಾಲಾಗಿ ನಿಂತೆವು. ಸ್ಕೊಲಾಸ್ಟಿಕಾಳೂ ಬಂದಿದ್ದಳು. ಇನ್ನೂ ಪೂರ್ತಿ ಚೇತರಿಸಿಕೊಂಡಿರಲಿಲ್ಲ, ಬೇಡವೆಂದರೂ ಕೇಳಿರಲಿಲ್ಲ. ಯಾರೂ ಕದಲಲಿಲ್ಲ. ಯಾವುದೋ ದಡದಲ್ಲಿ ಗುಂಡು ಹೊಡೆಯಲು ಕೋವಿ ಅಣಿ ಮಾಡಿದ ಸದ್ದಾಯಿತು. ಅಮ್ಮ ನನ್ನನ್ನು ತನ್ನ ಹಿಂದಕ್ಕೆ ಎಳೆದುಕೊಂಡಳು. ದೊಡ್ಡಮ್ಮ ಆ ಸದ್ದು ಬಂದ ಕಡೆಗೆ ತಿರುಗಿ ನಿಂತಳು, ಅಷ್ಟೇ.

ಆಗ ಅಲೋಯ್ಸ್ ಕೋವಿಯನ್ನು ಕಲ್ಲಿನ ಮೇಲೆ ಮಲಗಿಸಿ ನೀರಿಗಿಳಿದ. ನಮ್ಮ ಸಾಲಿನ ಹತ್ತಿರ ಬಂದು ನಿಂತು ಕೂಗಿದ.

"ಬ್ಲೇಸ್! ನಿಮ್ಮ ಮನೆಗೆ ಬೆಂಕಿ ಇಟ್ಟೋರಲ್ಲಿ ನಾನಿರ್ಲಿಲ್ಲ. ಆದ್ರೆ ತಡೀಲೂ ಇಲ್ಲ ಕಣೋ. ಗೊತ್ತಿದ್ದೂ ತಡೀಲಿಲ್ಲ."

ಬ್ಲೇಸ್ ತನ್ನ ಕೋವಿಯನ್ನು ಕೆಳಗಿಳಿಸಿದ. ಆಮೇಲೆ ಅದನ್ನು ಪಕ್ಕದವನ ಕೈಗೆ ಕೊಟ್ಟು ನೀರಿಗಿಳಿದ. ನಮ್ಮ ಸಾಲು ತಾನಾಗಿ ದಾರಿ ಬಿಟ್ಟಿತು. ಇಬ್ಬರೂ ಒಬ್ಬರ ಕೊರಳಿಗೆ ಒಬ್ಬರು ಬಿದ್ದರು ಎಂದು ಹೇಳಿದರೆ ಚೆನ್ನಾಗಿರುತ್ತದೆ, ಆದರೆ ಹಾಗಾಗಲಿಲ್ಲ. ನೀರಿನಲ್ಲಿ ಎದುರುಬದುರು ನಿಂತರು. ಕೊನೆಗೆ ಬ್ಲೇಸ್, "ಎಷ್ಟು ಸಣ್ಣ ಆಗಿದೀಯೋ," ಎಂದ. ಆ ಮಾತಿಗೆ ಅಲೋಯ್ಸ್ ಅತ್ತುಬಿಟ್ಟ.

ದಾಮಿಯಾನ್ ಮಾವನೂ ಕೋವಿ ಬಿಟ್ಟು ನೀರಿಗಿಳಿದು, ಅಡಿಕೆ, ಸುಣ್ಣ ತೆಗೆದು ಎದುರು ಬಂದ ಕೆಳಗಿನ ಹುಡುಗರ ನಾಯಕನಿಗೆ ಕೊಟ್ಟ. ಅವನು ಬಾಯಿಗೆ ಹಾಕಿಕೊಂಡು ತನ್ನ ಚೀಲದಿಂದ ಮಾವನಿಗೆ ಕೊಟ್ಟ. ಇಬ್ಬರೂ ಒಂದೇ ಕಡೆ ಕೆಂಪಗೆ ಉಗಿದರು. ನಮ್ಮಲ್ಲಿ ಅದಾದ ಮೇಲೆ ಕೋವಿ ಎತ್ತುವ ಹಾಗಿಲ್ಲ. ಇನ್ನು ಮುಂದೆ ಹೆಂಗಸರು, ಮಕ್ಕಳು, ಕಾಯಿಲೆಯವರು ಯಾವ ಹೊತ್ತಿನಲ್ಲಾದರೂ ಹೊಳೆ ದಾಟಬಹುದು ಎಂದು ಮಾತಾಯಿತು. ಆ ಸಂಜೆಯೇ ಸ್ಕೊಲಾಸ್ಟಿಕಾಳನ್ನು ನರ್ಸ್ ಹತ್ತಿರ ಕರೆದುಕೊಂಡು ಹೋದೆವು.

ಅಂಥ ಮಾತುಕತೆ ನಮ್ಮೊಂದು ಹೊಳೆಯಲ್ಲಷ್ಟೇ ನಡೆದದ್ದಲ್ಲ. ಆ ಕಾಲದಲ್ಲಿ ಎಷ್ಟೋ ಕಣಿವೆಗಳಲ್ಲಿ ತಾಯಂದಿರು ಬುಟ್ಟಿ ಹೊತ್ತು ಕಾಡಿಗೆ ಹೋಗಿದ್ದರೆಂದು ಆಮೇಲೆ ಕೇಳಿದೆವು. ಮುಂದೆ ದೊಡ್ಡ ನಾಯಕರು ವಿಮಾನ ಹತ್ತಿ ಪರದೇಶಕ್ಕೆ ಹೋಗಿ ಶಾಂತಿಗೆ ರುಜು ಹಾಕಿದರು. ರೇಡಿಯೋ ಅವರ ಹೆಸರುಗಳನ್ನು ಒಂದೊಂದಾಗಿ ಓದಿತು. ನಾವು ಗೆಣಸು ಸುಲಿಯುತ್ತ ಕೇಳುತ್ತಿದ್ದೆವು.

"ನಿನ್ನ ಹೆಸರು ಬರ್ಲೇ ಇಲ್ವಲ್ಲೇ ಲುದ್ವಿನಾ," ಎಂದಳು ಅಗಾಥಾ ಅಜ್ಜಿ.

"ನನ್ನ ಮಗ ಬಂದ್ನಲ್ಲ ಮನೆಗೆ. ಹೆಸ್ರನ್ನ ಏನು ಬೇಯಿಸ್ಕೊಂಡು ತಿನ್ನೋದಾ?"

"ಆದ್ರೂ ನನ್ನ ಮಂಡಿ ಹೆಸರಾದ್ರೂ ಹೇಳ್ಬೇಕಿತ್ತು," ಎಂದಳು ಅಜ್ಜಿ. ನಗು ತಡೆಯಲಾಗದೆ ನನ್ನ ಕೈಯಿಂದ ಚಾಕು ಜಾರಿತು.

ಹೊರಗೆ ನನ್ನ ಹೊಸ ಮನೆಗೆ ಕಂಬ ಏಳುತ್ತಿತ್ತು. ಬೆಂಕಿಯಿಟ್ಟವರಲ್ಲಿ ಇಬ್ಬರು ಹುಡುಗರು ತಾವಾಗಿ ಬಂದು ಮರ ಹೊರುತ್ತಿದ್ದರು. ಬ್ಲೇಸ್ ಅವರೊಂದಿಗೆ ಇನ್ನೂ ಮಾತಾಡುತ್ತಿರಲಿಲ್ಲ, ಆದರೆ ಮರದ ಇನ್ನೊಂದು ತುದಿ ಹಿಡಿಯುತ್ತಿದ್ದ. ಅಲೋಯ್ಸ್ ಬಾಗಿಲು ಕಡಲಿನ ಕಡೆಗಿರಲಿ ಎನ್ನುತ್ತಿದ್ದ. ಬ್ಲೇಸ್ ಬೆಟ್ಟದ ಕಡೆಗೇ ಆಗಬೇಕೆಂದು ಹಟ ಹಿಡಿದಿದ್ದ. ಇಬ್ಬರ ದನಿ ಏರಿದಾಗ ನಾನು ಕೈ ಒರೆಸಿಕೊಂಡು ಹೊರಗೆ ಹೋದೆ. ಬಾಗಿಲು ಎಲ್ಲಿ ಬರಬೇಕೋ ಅಲ್ಲಿ ಕಾಲಿನಿಂದ ಗೆರೆ ಎಳೆದು ತೋರಿಸಿದೆ. ಇಬ್ಬರೂ ಗೊಣಗುತ್ತ ಅಲ್ಲೇ ಅಗೆಯತೊಡಗಿದರು.