ಬಲಗೈಯ ಪರೀಕ್ಷೆ

ಬೀದಿಯವರೆಲ್ಲ ಮಿಷನ್ ಅಕ್ಕ ಎಂದು ಕರೆಯುವ ದರ್ಜಿ ಹೆಂಗಸು ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಯಾರದೋ ಕೂಸನ್ನು ತಂದವಳಂತೆ, ಡಾಕ್ಟರ ಕೋಣೆಗೆ ಬಂದಳು. ಲಾರಿ ಗುದ್ದಿ ಹನ್ನೊಂದು ತಿಂಗಳಾಗಿತ್ತು. ಬೆರಳುಗಳಿಗೆ ಕಂಬಿ ಹಾಕಿ ತೆಗೆದಿದ್ದರು. ಈಗ ಅವು ದಿನಕ್ಕೊಂದು ಸಲ ಹೇಗೋ ಮಾತು ಕೇಳುತ್ತಿದ್ದವು. ಆಮೇಲೆ ಸೆಟೆದು ಮಡಚಿಕೊಂಡರೆ ಸಂಜೆವರೆಗೂ ಬಿಚ್ಚುತ್ತಿರಲಿಲ್ಲ.

ಕೋಣೆಗೆ ಕಿಟಕಿಯಿರಲಿಲ್ಲ. ಮೂರು ಕುರ್ಚಿ ಹಾಕಿದ ಮೇಲೆ ಬಾಗಿಲು ಪೂರ್ತಿ ತೆರೆಯುತ್ತಲೂ ಇರಲಿಲ್ಲ.

"ನೋವಾದ ಕೂಡಲೇ ನಿಲ್ಲಿಸು ಅಂದಿದಾರೆ ಲಾಯರು," ಜೊತೆಗೆ ಬಂದಿದ್ದ ತಮ್ಮ ಪಿಸುಗುಟ್ಟಿದ. "ಕಸುಬು ಹೋಯ್ತು ಅಂತ ಈ ಡಾಕ್ಟ್ರು ಬರೆದ್ರೇನೇ ದುಡಿಮೆಗೆ ಪರಿಹಾರ. ಇಲ್ಲಾಂದ್ರೆ ಬರೀ ಆಸ್ಪತ್ರೆ ಖರ್ಚು. ಶೌರ್ಯ ತೋರಿಸಬೇಡ, ಅಕ್ಕಾ."

"ನಾನೇನು ಕುಸ್ತಿಗೆ ಬಂದಿದೀನಾ? ಸುಮ್ನಿರೋ."

ಡಾಕ್ಟರು ಕೆಟ್ಟವರಲ್ಲ. ಒಂದೊಂದೇ ಬೆರಳು ಬಗ್ಗಿಸಿ, ಅಳತೆ ಹಿಡಿದು ಬರೆದುಕೊಂಡರು. ಊರಿನವರ ಅಳತೆಯನ್ನೆಲ್ಲ ತೆಗೆದವಳಿಗೆ ತನ್ನ ಅಳತೆ ಕೊಡುವುದು ಮುಜುಗರವೆನಿಸಿತು. ಕೊನೆಗೆ ಅವರು ಗೋಣಿ ಹೊಲಿಯುವ ದಬ್ಬಣವನ್ನೂ ಒಂದಿಷ್ಟು ಹುರಿಯನ್ನೂ ಮುಂದಿಟ್ಟರು.

"ಈ ಸೂಜಿಗೆ ದಾರ ಪೋಣಿಸಿ, ನೋಡೋಣ."

"ಇದು ಸೂಜಿಯಲ್ಲ, ಡಾಕ್ಟ್ರೇ."

"ಎಲ್ಲರಿಗೂ ಇದನ್ನೇ ಕೊಡೋದಮ್ಮ. ದೊಡ್ಡ ಕಣ್ಣು, ನಿಮಗೆ ಸುಲಭ ಆಗುತ್ತೆ."

ಸುಲಭ! ಇಪ್ಪತ್ತಾರು ವರ್ಷ ರೇಷ್ಮೆಗೆ ಕಣ್ಣಿಗೆ ಕಾಣದ ಹೊಲಿಗೆ ಹಾಕಿದವಳ ಮುಂದೆ ದಬ್ಬಣ! ಅವಳ ಮೈಯೆಲ್ಲ ಉರಿಯಿತು. ಪರ್ಸಿನ ಒಳಮಡಿಕೆಗೆ ಚುಚ್ಚಿಟ್ಟಿದ್ದ ಸಣ್ಣ ಸೂಜಿಯನ್ನೂ ಅದರ ಪಕ್ಕ ಸುತ್ತಿಟ್ಟಿದ್ದ ದಾರವನ್ನೂ ಎಳೆದಳು. ತಮ್ಮ ಕೆಮ್ಮಿದ. ಅವಳು ಸೂಜಿಯನ್ನು ಎಡಗೈಯಲ್ಲಿ ಹಿಡಿದು ದಾರವನ್ನು ಬಲಗೈಗೆ ಕೊಟ್ಟಳು. ತಮ್ಮ ಮತ್ತೆ ಕೆಮ್ಮಿದ, ಈ ಸಲ ಕ್ಷಯ ಹಿಡಿದವನ ಹಾಗೆ. ನೋವು ಮೊಣಕೈವರೆಗೂ ಏರಿತು. ನಿಲ್ಲಿಸಬೇಕಾದ್ದು ಇಲ್ಲೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ದಾರ ಒಳಗೆ ಹೋಯಿತು.

"ಭೇಷ್!" ಡಾಕ್ಟರು ಮನಸಾರೆ ಮೆಚ್ಚಿದರು. ನಮೂನೆಯಲ್ಲಿ 'ಸೂಕ್ಷ್ಮ ಕೆಲಸ' ಎಂಬುದರ ಎದುರಿಗೆ ಎರಡೇ ಚೌಕಗಳಿದ್ದವು: ಸಾಧ್ಯ, ಅಸಾಧ್ಯ. ಮೊದಲನೆಯದಕ್ಕೆ ಗುರುತು ಹಾಕಿದರು.

"ಅದು ಒಂದೇ ಸಲ, ಸಾರ್!" ತಮ್ಮ ಎದ್ದು ನಿಂತ. "ಇನ್ನು ಇವತ್ತು ಆ ಕೈ ಬಿಚ್ಚಲ್ಲ."

"ಎಷ್ಟು ಸಲ ಅಂತ ಬರೆಯೋಕೆ ಇದರಲ್ಲಿ ಜಾಗ ಇಲ್ಲಪ್ಪ. ಕಣ್ಣಾರೆ ನೋಡಿದ್ದನ್ನ ಆಗಲ್ಲ ಅಂತ ಹೇಗೆ ಬರೀಲಿ?" ನಮೂನೆಯನ್ನು ಅವಳ ಕಡೆ ತಿರುಗಿಸಿದರು. "ಇಲ್ಲೊಂದು ಸಹಿ ಮಾಡಿ, ಅಮ್ಮ."

ಬಲಗೈ ಆಗಲೇ ಮುಷ್ಟಿಯಾಗಿತ್ತು. ಬೆರಳ ಸಂದಿಯಲ್ಲಿ ಸಿಕ್ಕ ದಾರದಿಂದ ಸೂಜಿ ಜೋತಾಡುತ್ತಿತ್ತು.

"ಬಿಚ್ಚೋಕಾಗ್ತಿಲ್ಲ, ಡಾಕ್ಟ್ರೇ."

ಇದು ಲಾಯರು ಹೇಳಿಕೊಟ್ಟ ಪಾಠ ಎಂಬಂತೆ ಅವರು ಮುಗುಳ್ನಕ್ಕು, ಮಸಿಯ ಡಬ್ಬಿ ತೆರೆದರು. "ಎಡಗೈ ಹೆಬ್ಬೆಟ್ಟೇ ಸಾಕು."

"ಒತ್ತಲ್ಲ ಅಂದ್ರೆ?" ಅವಳು ಕೇಳಿದಳು.

"ಪರೀಕ್ಷೆಗೆ ಸಹಕರಿಸಲಿಲ್ಲ ಅಂತ ಬರೀಬೇಕಾಗುತ್ತೆ. ಕೇಸಿಗೆ ಅದು ಇನ್ನೂ ಕೆಟ್ಟದ್ದು."

ಅವಳು ಎಡಗೈ ಚಾಚಿದಳು. ಮೊದಲ ಗುರುತು ಮಸುಕಾಗಿ ಬಿತ್ತು. ಡಾಕ್ಟರು ಅವಳ ಹೆಬ್ಬೆರಳನ್ನು ತಾವೇ ಹಿಡಿದು, ಇನ್ನೊಮ್ಮೆ ಗಟ್ಟಿಯಾಗಿ ಒತ್ತಿಸಿದರು.